ಮನೆ ಮೊದಲು, ಬಾಟಲಿ ಆಮೇಲೆ

ಕೇಳುಗರಿಗೆಲ್ಲ ನಮಸ್ಕಾರ.

ಮನೆ ಬದಲಿಸುವುದು ನಮ್ಮ ಕಡೆಯ ಮಂದಿಗೆ ಹೊಸದೇನಲ್ಲ. ಆಲಮಟ್ಟಿಯ ಹಿನ್ನೀರು ಬಂದಾಗ ಬಾಗಲಕೋಟೆಯ ಓಣಿ ಓಣಿಗಳೇ ಎದ್ದು ನವನಗರಕ್ಕೆ ಹೋದವು. ಉಪ್ಪಿನಕಾಯಿ ಭರಣಿ, ಬೀಸುವ ಕಲ್ಲು, ಜೋಳದ ಚೀಲ, ದೇವರ ಜಗಲಿ, ಯಾವುದನ್ನು ಮೊದಲು ಗಾಡಿಗೆ ಏರಿಸಬೇಕು, ಯಾವುದನ್ನು ಮಡಿಲಲ್ಲೇ ಇಟ್ಟುಕೊಂಡು ಹೋಗಬೇಕು ಅನ್ನುವುದು ಹಿರಿಯರಿಗೆ ಗೊತ್ತಿತ್ತು. ಆ ಹಿರಿಯರ ಲೆಕ್ಕದಲ್ಲಿ ಇರದ ಒಂದು ಸಾಮಾನಿನ ಬಗ್ಗೆ ಇವತ್ತು ಮಾತಾಡುತ್ತೇನೆ. ಅದು ವೈನ್. ಒಂದೆರಡು ಬಾಟಲಿ ಅಲ್ಲ, ಇನ್ನೂರು ಮುನ್ನೂರು ಬಾಟಲಿ.

ಅಷ್ಟೊಂದು ಯಾರ ಮನೆಯಲ್ಲಿ ಇರುತ್ತದೆ ಅಂತ ಕೇಳಬಹುದು. ಇರುತ್ತದೆ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ ಬೆಳೆಯುವವರಲ್ಲಿ ಕೆಲವರು ವೈನ್ ದ್ರಾಕ್ಷಿಯನ್ನೂ ಹಾಕಿದ್ದಾರೆ. 2007ರಲ್ಲಿ ರಾಜ್ಯದ ದ್ರಾಕ್ಷಿ ಮತ್ತು ವೈನ್ ನೀತಿ ಬಂದ ಮೇಲೆ ಶಿರಾಜ್, ಕ್ಯಾಬರ್ನೆ, ಶೆನಿನ್ ಬ್ಲಾಂಕ್ ಅನ್ನುವ ದ್ರಾಕ್ಷಿ ತಳಿಗಳ ಹೆಸರುಗಳು ನಮ್ಮ ತೋಟಗಳಲ್ಲೂ ಕೇಳಿಬಂದವು. ತಮ್ಮ ಹಣ್ಣಿನಿಂದ ಆದದ್ದು ಅಂತ ವರ್ಷಕ್ಕೆ ಒಂದಿಷ್ಟು ಬಾಟಲಿ ಎತ್ತಿಡುವವರಿದ್ದಾರೆ. ಬೆಳಗಾವಿಯಲ್ಲಿ ನಿವೃತ್ತ ಸೇನಾಧಿಕಾರಿಗಳಿದ್ದಾರೆ. ಪರದೇಶದಲ್ಲಿ ದುಡಿದು ಬಂದವರಿದ್ದಾರೆ. ಕುಡಿಯಿರಿ ಅಂತ ಹೇಳಲು ನಾನಿಲ್ಲಿ ಕೂತಿಲ್ಲ. ದುಡ್ಡು ಕೊಟ್ಟು, ವರ್ಷಗಟ್ಟಲೆ ಜೋಪಾನ ಮಾಡಿದ್ದು ಒಂದು ಮಧ್ಯಾಹ್ನದಲ್ಲಿ ಹಾಳಾಗಬಾರದಲ್ವಾ, ಅಷ್ಟೇ.

ಹಾಳಾಗುವುದು ಹೇಗೆ? ಎಲ್ಲರಿಗೂ ಇರುವುದು ಒಡೆಯುವ ಹೆದರಿಕೆ. ಒಡೆಯುವುದು ಕಡಿಮೆ. ವೈನ್ ಬಾಟಲಿಯ ಗಾಜು ದಪ್ಪ, ಬಾಕ್ಸಿನಲ್ಲಿ ರಟ್ಟಿನ ಅಡ್ಡಗೋಡೆ ಇದ್ದರೆ ಸಾಕು, ಗುಂಡಿ ಬಿದ್ದ ರಸ್ತೆಯನ್ನೂ ತಾಳಿಕೊಳ್ಳುತ್ತದೆ. ನಿಜವಾಗಿ ಕೊಲ್ಲುವುದು ಬಿಸಿಲು. ವೈನಿಗೆ ಹಿತವಾದ ಉಷ್ಣತೆ 12ರಿಂದ 14 ಡಿಗ್ರಿ. 20 ಇದ್ದರೂ ಕೆಲವು ತಿಂಗಳು ಏನೂ ಆಗುವುದಿಲ್ಲ. 30 ದಾಟಿ ಅಲ್ಲೇ ನಿಂತರೆ ಕೆಡಲು ಶುರು. ವಿಜಯಪುರದ ಏಪ್ರಿಲ್ ಮಧ್ಯಾಹ್ನ 40 ಅಂದರೆ ಯಾರಿಗೂ ಆಶ್ಚರ್ಯ ಇಲ್ಲ. ಆ ಬಿಸಿಲಲ್ಲಿ ಬಾಗಿಲು ಮುಚ್ಚಿ ನಿಂತ ಲಾರಿಯ ಒಳಗೆ, ಕಾರಿನ ಡಿಕ್ಕಿಯಲ್ಲಿ, 50 ಡಿಗ್ರಿ ಮುಟ್ಟಿಬಿಡುತ್ತದೆ.

ಆಗ ಬಾಟಲಿಯೊಳಗೆ ಏನಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. 750 ಮಿಲಿಲೀಟರ್ ವೈನ್ 20 ಡಿಗ್ರಿಯಿಂದ 40ಕ್ಕೆ ಏರಿದರೆ ಸುಮಾರು ಒಂದು ಟೀ ಚಮಚದಷ್ಟು ಹಿಗ್ಗುತ್ತದೆ. ಕಾರ್ಕಿನ ಕೆಳಗೆ ಇರುವ ಖಾಲಿ ಜಾಗ ಕೂಡ ಹೆಚ್ಚುಕಡಿಮೆ ಅಷ್ಟೇ. ಜಾಗ ಸಾಲದೆ ಕಾರ್ಕ್ ಮೇಲಕ್ಕೆ ಸರಿಯುತ್ತದೆ, ಅಂಚಿನಿಂದ ವೈನ್ ಒಸರುತ್ತದೆ. ರಾತ್ರಿ ತಣ್ಣಗಾದಾಗ ಒಳಗಿನದು ಕುಗ್ಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹೀಗೆ ದಿನಾ ಹಗಲು ರಾತ್ರಿ ನಡೆದರೆ ಬಾಟಲಿ ಉಸಿರಾಡಿದ ಹಾಗೆ. ಗಾಳಿ ಹೊಕ್ಕ ವೈನ್ ಕಂದು ತಿರುಗುತ್ತದೆ, ಹಣ್ಣಿನ ವಾಸನೆ ಹೋಗಿ ಕುದಿಸಿದ ವಾಸನೆ ಬರುತ್ತದೆ. ಇದನ್ನು ಹೊರಗಿನಿಂದಲೇ ಗುರುತಿಸಬಹುದು. ಬಾಟಲಿಯ ಬಾಯಿಗೆ ಸುತ್ತಿದ ತಗಡನ್ನು ಹೆಬ್ಬೆರಳಿನಿಂದ ಸವರಿ ನೋಡಿ. ಮೇಲೆ ಸಪಾಟಾಗಿ ಇರಬೇಕು. ಉಬ್ಬಿದ್ದರೆ ಕಾರ್ಕ್ ಎದ್ದಿದೆ ಅಂತ ಅರ್ಥ. ತಗಡಿನ ಕೆಳ ಅಂಚಿನಲ್ಲಿ ಅಂಟಂಟು ಇದ್ದರೆ ಸೋರಿದೆ. ಸುಮ್ನೆ ತಿರುಗಿಸಿದಾಗ ತಗಡು ಸಡಿಲವಾಗಿ ತಿರುಗಿದರೆ ಒಳ್ಳೆಯ ಗುರುತು, ಎಲ್ಲ ಬಾಟಲಿಯದೂ ತಿರುಗುವುದಿಲ್ಲ. ಒಣಗಿದ ವೈನಿನಿಂದ ಅಂಟಿಕೊಂಡಿದ್ದರೆ ಅನುಮಾನ ಪಡಿ.

ಇನ್ನು ಮುಖ್ಯ ಪ್ರಶ್ನೆ. ಹಳೇ ಮನೆ ಬಿಟ್ಟಾಯಿತು, ಹೊಸ ಮನೆಗೆ ಬಣ್ಣ ಹೊಡೆಯುತ್ತಿದ್ದಾರೆ, ಫರಸಿ ಹಾಕುತ್ತಿದ್ದಾರೆ. ನಡುವೆ ಎರಡು ತಿಂಗಳು ಬಾಟಲಿಗಳು ಎಲ್ಲಿರಬೇಕು? ಮಂದಿ ಸಾಮಾನ್ಯವಾಗಿ ಇಡುವ ಜಾಗ ಲಾಫ್ಟು. ಆರ್‌ಸಿಸಿ ಸ್ಲ್ಯಾಬಿನ ಕೆಳಗೆ, ಕೈಗೆ ಸಿಗದ ಹಾಗೆ. ಮನೆಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಹಗಲು ಕಾದ ಸ್ಲ್ಯಾಬು ಮಧ್ಯರಾತ್ರಿ ತನಕ ಬಿಸಿ ಉಗುಳುತ್ತಿರುತ್ತದೆ. ಎರಡನೇ ಕೆಟ್ಟ ಜಾಗ ತಗಡಿನ ಶೆಡ್ಡು.

ನೆಲಮಾಳಿಗೆಯಲ್ಲಿ ಇಟ್ಟರಾಯಿತು ಅನ್ನುವವರು ಜಾಸ್ತಿ. ಇಲ್ಲಿ ಒಂದು ಮಾತು ಹೇಳಲೇಬೇಕು. ಫ್ರಾನ್ಸಿನಲ್ಲಿ ಷಾಂಪೇನ್ ಮಾಡುವವರು ಸುಣ್ಣಕಲ್ಲು ಕೊರೆದು ಮಾಡಿದ ನೆಲಮಾಳಿಗೆಗಳಲ್ಲಿ ವೈನ್ ಇಡುತ್ತಾರೆ, ಅಲ್ಲಿ ವರ್ಷವಿಡೀ 10ರಿಂದ 12 ಡಿಗ್ರಿ. ಅದು ಆಳದ ಮಹಿಮೆ ಅಲ್ಲ, ಊರಿನ ಮಹಿಮೆ. ನೆಲದೊಳಗೆ ಸಾಕಷ್ಟು ಕೆಳಗೆ ಹೋದರೆ ಆ ಊರಿನ ವರ್ಷದ ಸರಾಸರಿ ಉಷ್ಣತೆ ಸಿಗುತ್ತದೆ. ಅಲ್ಲಿಯ ಸರಾಸರಿ ಕಡಿಮೆ, ಹಾಗಾಗಿ ನೆಲ ತಂಪು. ನಮ್ಮ ವಿಜಯಪುರದ ಸರಾಸರಿ 26ರ ಆಸುಪಾಸು. ಎಷ್ಟೇ ಅಗೆದರೂ 13 ಸಿಗುವುದಿಲ್ಲ. ಕಾಳು ತುಂಬಿಡಲು ನಮ್ಮ ಹಿರಿಯರು ನೆಲದಲ್ಲಿ ತೋಡುತ್ತಿದ್ದ ಹಗೇವನ್ನೇ ನೋಡಿ. ಅದರೊಳಗೆ ಜೋಳ ವರ್ಷಗಟ್ಟಲೆ ಉಳಿಯುತ್ತಿದ್ದದ್ದು ತಂಪಿನಿಂದ ಅಲ್ಲ. ಬಾಯಿ ಮುಚ್ಚಿ ಮೆತ್ತಿದ ಮೇಲೆ ಒಳಗೆ ಗಾಳಿ ಆಡುತ್ತಿರಲಿಲ್ಲ, ಹುಳಕ್ಕೆ ಉಸಿರಿರುತ್ತಿರಲಿಲ್ಲ. ಹಾಗಂತ ನೆಲಮಾಳಿಗೆ ಬೇಡ ಅನ್ನುವುದಿಲ್ಲ. ಹಗಲು 40, ರಾತ್ರಿ 24 ಅನ್ನುವ ಏರಿಳಿತಕ್ಕಿಂತ ಒಂದೇ ಸಮ 26 ಎಷ್ಟೋ ವಾಸಿ. ಎರಡು ತಿಂಗಳಿಗೆ ನಡೆಯುತ್ತದೆ, ಹತ್ತು ವರ್ಷಕ್ಕೆ ಅಲ್ಲ.

ನೆಲಮಾಳಿಗೆ ಇಲ್ಲದವರಿಗೆ ಹಳ್ಳಿಯ ಮಣ್ಣಿನ ಮಾಳಿಗೆ ಮನೆ ಒಳ್ಳೆಯದು. ಅಂಥ ಮನೆಯ ನಡುಮನೆಗೆ ಗೋಡೆ ಎರಡು ಮೊಳ ದಪ್ಪ, ಕಿಟಕಿ ಇಲ್ಲ, ಬೆಳಕಿಲ್ಲ. ವೈನಿಗೆ ಕತ್ತಲೆಯೂ ಬೇಕು, ಬಿಳಿ ಗಾಜಿನ ಬಾಟಲಿಗಂತೂ ಬೇಕೇ ಬೇಕು. ವಿಜಯಪುರದ ಒಣ ಬೇಸಿಗೆಯಲ್ಲಿ ಆ ಕೋಣೆಯ ಬಾಗಿಲಲ್ಲಿ, ಹೊರಗಿನ ಒಣ ಗಾಳಿ ಆಡುವ ಹಾಗೆ, ಒಂದು ಏರ್ ಕೂಲರ್ ಹಚ್ಚಿದರೆ ಉಷ್ಣತೆ ಎಂಟು ಹತ್ತು ಡಿಗ್ರಿ ಇಳಿಯುತ್ತದೆ. ಜೊತೆಗೆ ಗಾಳಿಗೆ ತೇವ ಬರುತ್ತದೆ, ಕಾರ್ಕ್ ಒಣಗಿ ಸುಕ್ಕುಗಟ್ಟುವುದು ತಪ್ಪುತ್ತದೆ. ಇದೇ ಕೂಲರನ್ನು ಜುಲೈನಲ್ಲಿ ಬೆಳಗಾವಿಯಲ್ಲಿ ಹಚ್ಚಿದರೆ ಏನೂ ಉಪಯೋಗ ಇಲ್ಲ. ಅಲ್ಲಿಯ ಗಾಳಿಯೇ ಒದ್ದೆ, ನೀರು ಆರುವುದಾದರೂ ಹೇಗೆ? ಅಲ್ಲಿ ಬಿಸಿಗಿಂತ ಬೂಷ್ಟಿನ ಕಾಟ. ಬಾಕ್ಸಿನ ರಟ್ಟು ಮೆತ್ತಗಾಗಿ ತಳ ಕಳಚುತ್ತದೆ, ಲೇಬಲ್ ಕಪ್ಪಾಗಿ ಯಾವ ವರ್ಷದ್ದು ಅಂತಲೂ ಓದಲು ಬರುವುದಿಲ್ಲ. ಬೆಳಗಾವಿಗೆ ಹೋಗುವ ಪ್ರತಿ ಬಾಟಲಿಯ ಲೇಬಲ್ ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಒಂದು ಸುತ್ತು ಸುತ್ತಿ. ಬಾಕ್ಸುಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ ಇಡಿ.

ವಿಜಯಪುರದಲ್ಲಿ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜುಗಳಿವೆಯಲ್ಲ, ಅಲ್ಲಿ ಇಡಬಹುದಾ ಅಂತ ಒಬ್ಬ ಪರಿಚಯದವರು ಕೇಳಿದ್ದರು. ತಂಪಿನ ಮಟ್ಟಿಗೆ ತೊಂದರೆ ಇಲ್ಲ. ಅಲ್ಲಿ ನಾಲ್ಕೈದು ಡಿಗ್ರಿ ಇಟ್ಟಿರುತ್ತಾರೆ, ವೈನ್ ಹೆಪ್ಪುಗಟ್ಟಲು ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ ಹೋಗಬೇಕು. ಹೆಚ್ಚೆಂದರೆ ಬಾಟಲಿಯ ತಳದಲ್ಲಿ ಸಕ್ಕರೆ ಹರಳಿನಂಥದ್ದು ಕೂರುತ್ತದೆ. ಅದು ದ್ರಾಕ್ಷಿಯದೇ ಹುಳಿಯ ಉಪ್ಪು, ಏನೂ ಕೆಟ್ಟದ್ದಲ್ಲ. ಆದರೆ ಪಕ್ಕದಲ್ಲಿ ಮೆಣಸಿನಕಾಯಿ ಚೀಲದ ಘಾಟು ಇದ್ದರೆ ಬೇಡ. ಅದಕ್ಕಿಂತ ದೊಡ್ಡ ತೊಡಕು ಕಾನೂನು. ಮದ್ಯ ಇಡಲು ಪರವಾನಗಿ ಇಲ್ಲದ ಜಾಗದಲ್ಲಿ ಇನ್ನೂರು ಬಾಟಲಿ ಸಿಕ್ಕರೆ ಜಾಗದ ಮಾಲೀಕನೂ ಸಿಕ್ಕಿಬೀಳುತ್ತಾನೆ. ಪರಿಚಯದ ವೈನರಿಯವರು ಇಟ್ಟುಕೊಳ್ಳಲಿ ಅಂದರೆ ಅವರ ಪ್ರತಿ ಬಾಟಲಿಗೂ ಅಬಕಾರಿ ಲೆಕ್ಕ ಇರುತ್ತದೆ, ನಿಮ್ಮದನ್ನು ಅದರಲ್ಲಿ ಬೆರೆಸಲು ಆಗುವುದಿಲ್ಲ.

ಕಾನೂನಿನ ಮಾತು ಬಂತು, ಮುಗಿಸಿಬಿಡುತ್ತೇನೆ. ಮನೆಯಲ್ಲಿ ಎಷ್ಟು ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ಮಿತಿ ಇದೆ. ಅದನ್ನು ದಾಟಿದರೆ ಪರವಾನಗಿ ಬೇಕು, ಸಾಗಿಸಲು ಬೇರೆ ಅನುಮತಿ ಬೇಕು. ಜಿಲ್ಲೆಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ಮೊದಲೇ ಹೋಗಿ ಬಾಟಲಿಗಳ ಪಟ್ಟಿ ತೋರಿಸಿ ಕೇಳಿ. ಗೋವಾದಲ್ಲಿ ಮಾತ್ರ ಮಾರಾಟಕ್ಕೆ, ಮಹಾರಾಷ್ಟ್ರದಲ್ಲಿ ಮಾತ್ರ ಮಾರಾಟಕ್ಕೆ ಅಂತ ಲೇಬಲ್ ಇರುವ ಬಾಟಲಿಗಳನ್ನು ಬೇರೆ ಬರೆದುಕೊಳ್ಳಿ, ಪ್ರಶ್ನೆ ಬರುವುದೇ ಅವುಗಳ ಮೇಲೆ. ಚುನಾವಣೆ ನೀತಿ ಸಂಹಿತೆ ಇರುವಾಗ ಈ ಉಸಾಬರಿಯೇ ಬೇಡ, ಹೆಜ್ಜೆ ಹೆಜ್ಜೆಗೂ ತಪಾಸಣೆ. ಪ್ಯಾಕರ್ಸ್ ಅಂಡ್ ಮೂವರ್ಸ್‌ನವರಲ್ಲಿ ಬಹಳಷ್ಟು ಮಂದಿ ಮದ್ಯ ಮುಟ್ಟುವುದೇ ಇಲ್ಲ. ಒಪ್ಪಿದವರೂ ವಿಮೆಯಲ್ಲಿ ಸೇರಿಸುವುದು ಅನುಮಾನ. ಬಾಯಿಮಾತು ನಂಬಬೇಡಿ, ಬರೆಸಿಕೊಳ್ಳಿ.

ಇಷ್ಟೆಲ್ಲ ತೊಡಕು ನೋಡಿದ ಮೇಲೆ ನನ್ನ ಅಭಿಪ್ರಾಯ ಒಂದೇ. ಆದಷ್ಟು ನಡುವೆ ಎಲ್ಲೂ ಇಡಲೇಬೇಡಿ. ಮನೆ ಸಾಮಾನು ಮೊದಲು ಹೋಗಲಿ. ಹೊಸ ಮನೆಯಲ್ಲಿ ಬಣ್ಣದ ವಾಸನೆ ಆರಲಿ, ಒಂದು ಕೋಣೆಗೆ ಎಸಿ ಕೂರಲಿ, ಕರೆಂಟು ಸರಿಯಾಗಿ ಬರಲಿ. ಅಲ್ಲಿಯವರೆಗೆ ಬಾಟಲಿಗಳು ಇದ್ದಲ್ಲೇ ಇರಲಿ. ಹಳೇ ಮನೆಗೆ ಒಂದೆರಡು ತಿಂಗಳು ಜಾಸ್ತಿ ಬಾಡಿಗೆ ಕೊಟ್ಟರೂ ಕಡಿಮೆಯೇ ಬೀಳುತ್ತದೆ. ಡಿಸೆಂಬರ್ ಬರಲಿ. ಆಗ ನಮ್ಮ ಕಡೆ ರಾತ್ರಿ 15 ಡಿಗ್ರಿ ಹತ್ತಿರ ಇಳಿಯುತ್ತದೆ, ಆಕಾಶವೇ ಪುಕ್ಕಟೆ ಫ್ರಿಜ್ಜು ಕೊಡುತ್ತದೆ. ವಿಜಯಪುರದಿಂದ ಜಮಖಂಡಿ, ಮುಧೋಳ, ಯರಗಟ್ಟಿ ಮೇಲೆ ಬೆಳಗಾವಿಗೆ ಇನ್ನೂರು ಕಿಲೋಮೀಟರ್ ಚಿಲ್ಲರೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಬಿಸಿಲೇರುವ ಮೊದಲೇ ಇಳಿಸಿ ಆಗಿರುತ್ತದೆ. ಚಾಲಕ ಧಾಬಾದಲ್ಲಿ ಉಪ್ಪಿಟ್ಟು ತಿನ್ನುವುದಾದರೆ ಗಾಡಿ ಗಿಡದ ನೆರಳಲ್ಲಿ ನಿಲ್ಲಲಿ.

ಬೇಸಿಗೆಯಲ್ಲೇ ವರ್ಗಾವಣೆ ಆದೇಶ ಬಂದವರಿಗೆ ಈ ಪುರುಸೊತ್ತು ಇರುವುದಿಲ್ಲ. ಅಂಥವರು ಮೊದಲು ಆರಿಸಬೇಕು. ಮಾರುಕಟ್ಟೆಗೆ ಬರುವ ವೈನಿನಲ್ಲಿ ಹೆಚ್ಚಿನದು ಎರಡು ಮೂರು ವರ್ಷದಲ್ಲಿ ಮುಗಿಸಲೆಂದೇ ಮಾಡಿದ್ದು. ಹಳೆಯದಾದಷ್ಟೂ ರುಚಿ ಅನ್ನುವುದು ಕೆಲವಕ್ಕೆ ಮಾತ್ರ ಸಲ್ಲುತ್ತದೆ. ಇನ್ನೂರರಲ್ಲಿ ನಿಜವಾಗಿ ಕಾಯಬೇಕಾದವು ಮೂವತ್ತೋ ನಲವತ್ತೋ ಇರುತ್ತವೆ. ಅಷ್ಟಕ್ಕೆ ಒಂದು ಸಣ್ಣ ವೈನ್ ಫ್ರಿಜ್ಜು ಸಾಕು. ಅದನ್ನು ಸಾಗಿಸಿದ ಮೇಲೆ ಕೆಲವು ತಾಸು ನೆಟ್ಟಗೆ ನಿಲ್ಲಿಸಿ ಆಮೇಲೆ ಸ್ವಿಚ್ ಹಾಕಿ, ಕಂಪ್ರೆಸರಿನ ಎಣ್ಣೆ ತನ್ನ ಜಾಗಕ್ಕೆ ಇಳಿಯಬೇಕು. ಉಳಿದವನ್ನು ದಪ್ಪ ಥರ್ಮೊಕೋಲ್ ಪೆಟ್ಟಿಗೆಗಳಲ್ಲಿ ತುಂಬಿ. ಮೀನು ತಂದ ಪೆಟ್ಟಿಗೆ ಬೇಡ, ಔಷಧಿ ಅಂಗಡಿಯವರ ಹತ್ತಿರ ಕೇಳಿ. ತುಂಬುವ ಹಿಂದಿನ ರಾತ್ರಿ ಬಾಟಲಿಗಳನ್ನು ಎಸಿ ಕೋಣೆಯಲ್ಲಿ ಇಟ್ಟು ತಣಿಸಿ. ತಣ್ಣಗೆ ಒಳಗೆ ಹೋದದ್ದು ನಿಧಾನ ಬಿಸಿಯಾಗುತ್ತದೆ.

ಹನ್ನೆರಡು ಬಾಟಲಿಯ ಒಂದು ಬಾಕ್ಸು ಹದಿನೈದು ಕೇಜಿಗೂ ಜಾಸ್ತಿ ತೂಗುತ್ತದೆ. ಮೂರರ ಮೇಲೆ ನಾಲ್ಕನೆಯದು ಪೇರಿಸಬೇಡಿ. ಕಾರ್ಕ್ ಇರುವ ಬಾಟಲಿ ಮಲಗಿರಲಿ, ವೈನ್ ತಾಗಿದ್ದರೆ ಕಾರ್ಕ್ ಒಣಗುವುದಿಲ್ಲ. ತಿರುಪು ಮುಚ್ಚಳದ್ದು ನಿಂತರೂ ಸೈ. ಗುಳ್ಳೆ ಏಳುವ ವೈನಿನ ಬಾಟಲಿಗಳನ್ನು ಬೇರೆ ಬಾಕ್ಸಿಗೆ ಹಾಕಿ, ಲಾರಿಯ ಟೈರಿಗಿಂತ ಜಾಸ್ತಿ ಒತ್ತಡ ಅದರ ಕಾರ್ಕಿನ ಕೆಳಗೆ ಇರುತ್ತದೆ ಅಂದರೆ ಉತ್ಪ್ರೇಕ್ಷೆ ಆದೀತು, ಕಾರಿನ ಟೈರಿಗಿಂತ ಅಂತೂ ಜಾಸ್ತಿ.

ಹೊಸ ಮನೆ ಮುಟ್ಟಿದ ದಿನವೇ ಬಂದವರ ಮುಂದೆ ಬಾಟಲಿ ಬಿಚ್ಚುವ ಹುಮ್ಮಸ್ಸು ಇರುತ್ತದೆ. ಕುಲುಕಿ ಬಂದ ಹಳೇ ಕೆಂಪು ವೈನಿನಲ್ಲಿ ತಳದ ಗಸಿಯೆಲ್ಲ ಎದ್ದಿರುತ್ತದೆ, ಬಗ್ಗಿಸಿದರೆ ಕದಡಿದ ನೀರಿನ ಹಾಗೆ ಬೀಳುತ್ತದೆ. ಎರಡು ಮೂರು ವಾರ ಅಲುಗಾಡಿಸದೆ ಬಿಡಿ. ಆಮೇಲೆ ಒಂದೊಂದು ಬಾಕ್ಸಿನಿಂದ ಒಂದೊಂದು ಬಾಟಲಿ ಎತ್ತಿ, ಆಗಲೇ ಹೇಳಿದ ಹಾಗೆ ತಗಡು ಸವರಿ ನೋಡಿ. ಉಬ್ಬಿದ್ದು, ಸೋರಿದ್ದು ಸಿಕ್ಕರೆ ಆ ಬಾಕ್ಸಿನ ಬಾಟಲಿಗಳನ್ನು ಕಾಯುತ್ತಾ ಕೂರಬೇಡಿ, ಮೊದಲು ಅವನ್ನೇ ಬಳಸಿ. ಅಬಕಾರಿ ಕಚೇರಿಗೆ ಕೊಟ್ಟ ಪಟ್ಟಿಯಲ್ಲಿ ಹೊಸ ವಿಳಾಸ ಸೇರಿಸಿಕೊಡುವುದು ಬಾಕಿ ಇರುತ್ತದೆ, ಅದನ್ನು ಅದೇ ವಾರ ಮುಗಿಸಿ.

ನಮಸ್ಕಾರ.