ಸಾಲಿ ಒಳಗ ಬರ್ರಿ, ಗೇಟ್ ತೆಗದೈತಿ

ನಮಸ್ಕಾರ್ರೀ ಎಲ್ಲಾರಿಗೂ, ಹೆಂಗದೀರಿ? ಈಗ ಸ್ಕ್ರೀನ್ ಮ್ಯಾಲೆ ಕಾಣಾಕತ್ತೈತಲ್ಲ, ಕರೀ ಎರಿ ಹೊಲ, ಹಿಂದ ಗಾಳಿ ಫ್ಯಾನು ತಿರಗಾಕತ್ತಾವು, ಇತ್ಲಾಗ ಹಂಚಿನ ಸಾಲಿ, ಇದು ಗದಗ ತಾಲೂಕಿನ ಒಂದು ಊರು, ನಮ್ಮ ಸೋದರತ್ತಿನ ಕೊಟ್ಟ ಊರು. ಇವತ್ತ ಇಲ್ಲೆ ಸರ್ಕಾರಿ ಕನ್ನಡ ಸಾಲ್ಯಾಗ ಓಪನ್ ಹೌಸ್ ಐತಿ. ಸಿಟಿ ಸಾಲಿಗುಳ ಹಂಗ ಮಾರ್ಕ್ಸ್ ಕಾರ್ಡ್ ಇಸ್ಕೊಳ್ಳಾಕ ಪಾಳಿ ಹಚ್ಚೂದಲ್ರಿ ಇದು, ಊರಾಗಿನ ಯಾರ್ ಬೇಕಾದ್ರೂ ಬರಬಹುದು, ಯಾವ ಖೋಲಿಗೆ ಬೇಕಾದ್ರೂ ಹೋಗಬಹುದು, ಏನ್ ಬೇಕಾದ್ರೂ ಕೇಳಬಹುದು.

ಯಾಕ್ ಮಾಡಿದ್ರು ಅಂದ್ರ, ದಿನಾ ಮುಂಜಾನೆ ಊರಿಗೆ ಹಳದಿ ವ್ಯಾನ್ ಬರ್ತಾವು, ಟೈ ಕಟ್ಕೊಂಡ ಹುಡುಗೂರು ಹತ್ತಿ ಗದಗಿಗೆ ಹೋಗ್ತಾವು, ಸಾಲಾ ಮಾಡ್ಯಾದ್ರೂ ಫೀಸ್ ಕಟ್ಟೂ ಮಂದಿ ಅದಾರ, ಆದ್ರ ಮನಿ ಬಾಜೂಕಿನ ಸಾಲ್ಯಾಗ ಏನ್ ಕಲಸಾಕತ್ತಾರ ಅಂತ ಕೇಳ್ರಿ, ಯಾರಿಗೂ ಗೊತ್ತಿಲ್ಲ. ಆಗಸ್ಟ್ 15ಕ್ಕ ಬರ್ತಾರ, ಜನವರಿ 26ಕ್ಕ ಬರ್ತಾರ, ಝೇಂಡಾ ಏರಿಸೂತನಕ ನಿಂದ್ರತಾರ, ಬೂಂದಿ ತಿಂತಾರ, ಹೋಗ್ತಾರ. ಕ್ಲಾಸಿನ ಹೊಸ್ತಿಲಾ ದಾಟಿದವ್ರು ಭಾಳ ಕಡಿಮಿ. ಅದಕ್ಕ ಈ ಸಲ ಎಸ್‌ಡಿಎಂಸಿ, ಅಂದ್ರ ತಂದಿ-ತಾಯಿ ಇರೂ ಸಾಲಿ ಸಮಿತಿ, ಮತ್ತ ಮಾಸ್ತರು ಕೂಡಿ ಒಂದ ಮಾತು ಮಾಡ್ಕೊಂಡಾರ, ಸ್ಟೇಜ್ ಬ್ಯಾಡ, ಹಾರ ತುರಾಯಿ ಬ್ಯಾಡ, ಖೋಲಿ ಬಾಗಿಲಾ ತೆಗೀರಿ ಸಾಕು ಅಂತ. ಹಂಗಂತ ಭಾಷಣ ತಪ್ಪಲಿಲ್ಲ ಬಿಡ್ರಿ, ಮೈಕ್ ಕಂಡ್ರ ನಮ್ಮ ಮಂದಿ ಸುಮ್ಮನಿರ್ತಾರೇನು, ಅದನ್ನ ನಾ ಎಡಿಟ್‌ನ್ಯಾಗ ತಗದೀನಿ.

ರೊಕ್ಕದ್ದು ಕೇಳ್ತೀರಿ ನೀವು, ಗೊತ್ತೈತಿ. ಊರಾಗ ಪಟ್ಟಿ ಎತ್ಯಾರ. ಇದ್ದವ್ರು ರೊಕ್ಕಾ ಕೊಟ್ಟಾರ, ಇಲ್ಲದವ್ರು ಜ್ವಾಳ ಕೊಟ್ಟಾರ, ಕಡ್ಲಿ ಕೊಟ್ಟಾರ, ಪೇಂಟಿಂಗ್ ಕೆಲಸಕ್ಕ ಹೋಗೂ ಹುಡುಗೂರು ಎರಡ ರಾತ್ರಿ ಕುಂತು ಗ್ವಾಡಿಗೆ ಬಣ್ಣಾ ಹಚ್ಚ್ಯಾರ, ಟ್ರ್ಯಾಕ್ಟರ್ ಇದ್ದವ್ರು ಟ್ಯಾಂಕರಿನ್ಯಾಗ ನೀರು ತಂದಾರ, ಸಂಘದ ಹೆಣ್ಣಮಕ್ಕಳು ಮನಿಮನಿಗೆ ಇಷ್ಟಿಷ್ಟು ಅಂತ ರೊಟ್ಟಿ ಹಂಚ್ಕೊಂಡು ಬಡದಾರ. ಕೂಡಿ ಮಾಡೂದು ಈ ಸೀಮಿಗೆ ಹೊಸಾದೇನಲ್ಲ, ಇದ ತಾಲೂಕಿನ ಕಣಗಿನಹಾಳದಾಗ 1905ರಾಗ ಸಿದ್ದನಗೌಡ ಪಾಟೀಲರು ರೈತರನ್ನ ಕೂಡಿಸಿ ಸಹಕಾರಿ ಸಂಘ ಕಟ್ಟಿದ್ರು, ದೇಶದಾಗ ಮೊದಲನೇ ಕೃಷಿ ಪತ್ತಿನ ಸಂಘ ಅಂತ ಹೆಸರಾತು ಅದು. ಬ್ಯಾಂಕಿಗೆ ಕೂಡಿದ ಮಂದಿ ಸಾಲಿಗೆ ಯಾಕ ಕೂಡಬಾರ್ದು ಅಂತ ನನ್ನ ವಾದ.

ಬರ್ರಿ ಒಳಗ. ಈ ಟೇಬಲ್ ಸುತ್ತ ನೋಡ್ರಿ, ಎಷ್ಟ್ ಗದ್ದಲ! ಹಳೇ ದಾಖಲಾತಿ ರಜಿಸ್ಟರ್ ಹೊರಗ ಇಟ್ಟಾರ, ಅಜ್ಜಾರೆಲ್ಲಾ ಚಾಳೀಸ್ ಏರಿಸ್ಕೊಂಡು ತಮ್ಮ ಹೆಸರು ಹುಡಕಾಕತ್ತಾರ. ಮಜಾ ಏನಪಾ ಅಂದ್ರ ಹುಟ್ಟಿದ ತಾರೀಖಿನ ಕಾಲಂ ನೋಡ್ರಿ, 1-6-1956, ಕೆಳಗ 1-6-1957, ಮತ್ತ 1-6-1957, ಊರಿಗೆ ಊರ ಜೂನ್ ಒಂದಕ್ಕ ಹುಟ್ಟೈತಿ! ಆಗ ಸಾಲಿ ಜೂನ್‌ನ್ಯಾಗ ಚಾಲೂ ಆಗ್ತಿತ್ತು, ಮನ್ಯಾಗ ತಾರೀಖು ಬರದಿಟ್ಟವ್ರು ಯಾರು, ಗಣಪತಿ ಹಬ್ಬದ ಮರದಿನ, ದೊಡ್ಡ ಮಳಿ ಬಂದ ವರ್ಷ, ಹಿಂಗ ಹೇಳೂರು, ಮಾಸ್ತರು ಹುಡಗನ್ನ ಒಂದಸಲ ಮ್ಯಾಲ ಕೆಳಗ ನೋಡಿ, ಸಾಲಿಗೆ ಸೇರೂ ವಯಸ್ಸು ಬರೂಹಂಗ ಜೂನ್ ಒಂದು ಅಂತ ಜಡದು ಬಿಡೂರು. ಈ ಅಜ್ಜಾರು, ಬಿಳೇ ಪಟಗದವ್ರು, ಏನಂದ್ರು ಕೇಳ್ರಿ: "ತಮ್ಮಾ, ನನ್ನ ಪೆನ್ಶನ್ನೂ ಇದ ಸುಳ್ಳ ತಾರೀಖಿನ ಮ್ಯಾಲ ನಡದೈತಿ, ಅಳಿಸೀರಿ ಮತ್ತ."

ಮುಂದಿನ ಖೋಲಿ ನಲಿ-ಕಲಿ. ಇಲ್ಲೆ ನಾ ಭಾಳ ಹೊತ್ತು ನಿಂತೆ. ಒಂದನೇತ್ತಾ, ಎರಡನೇತ್ತಾ, ಮೂರನೇತ್ತಾ ಎಲ್ಲಾ ಒಂದ ಖೋಲ್ಯಾಗ, ನೆಲದ ಮ್ಯಾಲೆ ಗುಂಪು ಗುಂಪಾಗಿ ಕುಂತಾವು, ಬೋರ್ಡ್ ಸುದ್ದಾ ಗ್ವಾಡಿ ಕೆಳಗ, ಹುಡುಗೂರ ಕೈಗೆ ಹತ್ತೂಹಂಗ. ಒಬ್ರು ತಾಯಿ ನೆಟ್ಟಗ ಕೇಳೇಬಿಟ್ರು, "ಅಕ್ಕೋರ, ಮೂರೂ ಇಯತ್ತೆ ಒಂದ ಕಡೆ ತುಂಬೀರಿ, ಮಾಸ್ತರು ಇಲ್ಲಂತ ಹಿಂಗ ಮಾಡೀರೇನ್ರಿ?" ಎಲ್ಲಾರೂ ನಕ್ರು, ಆದ್ರ ಖರೇ ಹೇಳ್ರಿ, ಎಷ್ಟ್ ಮಂದಿ ಮನಸ್ಸಿನ್ಯಾಗ ಇದ ಪ್ರಶ್ನೆ ಇಲ್ಲ? ಅಕ್ಕೋರು ಸಿಟ್ಟಾಗಲಿಲ್ಲ. ಗ್ವಾಡಿ ಮ್ಯಾಲಿನ ಕಲಿಕಾ ಏಣಿ ತೋರಿಸಿದ್ರು, ಒಂದೊಂದು ಮೆಟ್ಟಲಕ್ಕ ಒಂದೊಂದು ಕಾರ್ಡ್, ಹುಡುಗ ಆ ಕಾರ್ಡ್ ಮುಗಿಸಿದ ಮ್ಯಾಲೆನ ಮುಂದಿಂದು, ನಾಕ ದಿನಾ ಜ್ವರಾ ಬಂದು ಮನ್ಯಾಗ ಉಳದ್ರ ವಾಪಸ್ ಬಂದು ತಾ ಬಿಟ್ಟ ಕಾರ್ಡಿನಿಂದನ ಹಿಡೀತಾನ, ಪಾಠ ಅವನ್ನ ಬಿಟ್ಟು ಮುಂದ ಓಡಿ ಹೋಗಂಗಿಲ್ಲ. ಇದು 1995ರಾಗ ಮೈಸೂರು ಜಿಲ್ಲಾ ಎಚ್.ಡಿ. ಕೋಟೆ ಕಡೆ ಚಾಲೂ ಆಗಿದ್ದು, ಆಂಧ್ರದ ರಿಷಿ ವ್ಯಾಲಿ ಸಾಲಿ ನೋಡ್ಕೊಂಡು ಬಂದು ಅಲ್ಲಿನ ಮಾಸ್ತರು ಶುರು ಮಾಡಿದ್ರು, ಆಮ್ಯಾಲೆ ರಾಜ್ಯಕ್ಕೆಲ್ಲಾ ಹಬ್ಬಿತು. ಆ ತಾಯಿ ಸುಮ್ಮನಾಗಲಿಲ್ಲ, ಮಗಳನ್ನ ಕರದು ಕಾರ್ಡ್ ಓದಿಸಿದ್ರು, ಹುಡುಗಿ ಓದಿದ್ಲು, ಇನ್ನೊಂದು ಓದಿಸಿದ್ರು, ಅದನ್ನೂ ಓದಿದ್ಲು. ಆಗ ಹೋಗಿ ಮುಖದಾಗ ನಗು ಬಂತು. ನನಗ ಕೇಳಿದ್ರ ಇಡೀ ದಿನದಾಗ ನಡದ ಛಲೋ ಕೆಲಸ ಇದ, ಯಾವ ಭಾಷಣನೂ ಅಲ್ಲ.

ಹೊರಗ ಮಕ್ಕಳ ಸಂತಿ! ಮೆಂತೆ, ಪುಂಡಿಪಲ್ಲೆ, ಹಸಿ ಕಡ್ಲಿ ಗಿಡ, ಬಾರಿಹಣ್ಣು, ಗಿರಮಿಟ್, ಬಿಸಿ ಮಿರ್ಚಿ, ಒಂದ ಅಂಗಡಿ ಮುಂದ "ಇಂದು ನಗದು ನಾಳೆ ಉದ್ರಿ" ಅಂತ ಬೋರ್ಡ್ ಬ್ಯಾರೆ. ನಾ ಫೋನ್ ತಗದು ಸ್ಕ್ಯಾನರ್ ಎಲ್ಲೈತಿ ಅಂದ್ರ ಗಿರಮಿಟ್ ಹುಡುಗ ನನ್ನ ಕೆಕ್ಕರಿಸಿ ನೋಡಿದ. ರೊಕ್ಕನ ಕೊಡಬೇಕಂತ, ಚಿಲ್ಲರಿ ಎಣಿಸಿ ವಾಪಸ್ ಕೊಡೂದ ಇಲ್ಲೆ ಗಣಿತದ ಪಾಠ, ಫೋನ್ ಟಿಂಗ್ ಅಂದ್ರ ಲೆಕ್ಕಾ ಎಲ್ಲಿಂದ ಬರಬೇಕು. ಈ ಕ್ಲಿಪ್ ನೋಡ್ರಿ, ಪುಂಡಿಪಲ್ಲೆ ಸೂಡು ಹತ್ತಕ್ಕ ಮೂರು, ಅಜ್ಜಿ ಹತ್ತಕ್ಕ ನಾಕು ಕೊಡು ಅಂತ ಹಟಾ ಹಿಡದಾಳ, ಹುಡುಗ ಬೆರಳ ಮ್ಯಾಲೆ ಎಣಿಸಿ, "ಯಮ್ಮಾ, ಹಂಗಂದ್ರ ಒಂದು ಸೂಡು ಎರಡೂವರಿಗೆ ಬಿತ್ತು, ನಮ್ಮವ್ವ ಮೂರರ ಕೆಳಗ ಇಳೀಬ್ಯಾಡ ಅಂದಾಳ!" ಅಜ್ಜಿ ಮೂರ ಒಯ್ದಳು, ಬೈಕೋಂತ.

ಊಟದ್ದು ಜಾಸ್ತಿ ತೋರಸಂಗಿಲ್ಲ, ನಿಮಗ ಹಸಿವಿ ಆಕ್ಕೈತಿ. ರೊಟ್ಟಿ, ಎಣಗಾಯಿ, ಗುರೆಳ್ಳ ಚಟ್ನಿ, ಗೋಧಿ ಹುಗ್ಗಿ. ಅಷ್ಟ.

ಊಟಾ ಆದಮ್ಯಾಲೆ ಮಂದಿ ಮನಿಗೆ ಹೋಗ್ತಾರ ಅಂತ ಮಾಡಿದ್ದೆ, ಹೋಗಲಿಲ್ಲ. ಬೇವಿನ ಗಿಡದ ಕೆಳಗ ಕುಂತ್ರು, ನಲಿ-ಕಲಿ ಖೋಲ್ಯಾಗ ಪ್ರಶ್ನೆ ಕೇಳಿದ್ರಲ್ಲ, ಅದ ತಾಯಿ ಮತ್ತ ಎದ್ದು ನಿಂತು, "ಬಣ್ಣಾ ಛಲೋ ಹಚ್ಚೀರಿ, ಆದ್ರ ಹುಡುಗ್ಯಾರ ಪಾಯಖಾನಿಗೆ ನೀರಿಲ್ಲ, ಆರನೇತ್ತಾ ಏಳನೇತ್ತಾ ಹುಡುಗ್ಯಾರು ಮಧ್ಯಾಹ್ನ ಮನಿಗೆ ಓಡಿ ಬರ್ತಾವು, ಅದನ್ನ ಯಾರ ನೋಡೂರು?" ಅಂದ್ರು. ಗಪ್ಪಾದ್ರು ಎಲ್ಲಾರೂ. 2009ರ ಆರ್‌ಟಿಇ, ಅಂದ್ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಗಂಡು ಹುಡುಗೂರಿಗೊಂದು, ಹೆಣ್ಣು ಹುಡುಗ್ಯಾರಿಗೊಂದು ಬ್ಯಾರೆ ಬ್ಯಾರೆ ಪಾಯಖಾನಿ ಇರಬೇಕು, ಸಾಲಿ ಸಮಿತ್ಯಾಗ ಮುಕ್ಕಾಲು ಪಾಲು ತಂದಿ-ತಾಯಿ ಇರಬೇಕು, ಅರ್ಧದಷ್ಟು ಹೆಣ್ಣಮಕ್ಕಳು ಇರಬೇಕು. ಹೆಣ್ಣಮಕ್ಕಳು ಅದಾರ್ರಿ ಸಮಿತ್ಯಾಗ, ಭಾಳ ಊರಾಗ ಅವ್ರನ್ನ ಸಹಿ ಮಾಡಾಕಷ್ಟ ಕರೀತಾರ, ಅದು ಮಾತ್ರ ನನಗ ಸರಿ ಅನಸಂಗಿಲ್ಲ.

ಆಮ್ಯಾಲೆ ಶುರು ಆತು ನೋಡ್ರಿ ಚೌಕಾಶಿ. ಒಬ್ರು ಹಳೇ ಮೋಟರ್ ಐತಿ ಕೊಡ್ತೀನಿ ಅಂದ್ರು, ಇನ್ನೊಬ್ರು ಪೈಪ್ ಅಂದ್ರು, ಸಿಂಟೆಕ್ಸ್ ಟಾಕಿ ಪಂಚಾಯ್ತಿಯಿಂದ ಕೇಳೂಣು ಅಂತ ಒಬ್ರು, ಪಂಚಾಯ್ತಿ ಹಾದಿ ಕಾದ್ರ ಹುಡುಗ್ಯಾರ ಮದುವಿನ ಆಕ್ಕಾವು ಅಂತ ಹಿಂದಿನಿಂದ ಮತ್ತೊಬ್ರು. ಆ ತಾಯಿ, "ಬಾಯಿ ಮಾತು ಬ್ಯಾಡ, ಠರಾವು ಬುಕ್ ತರ್ರಿ" ಅಂದ್ರು. ಹೆಡ್ ಮಾಸ್ತರು ತಂದ್ರು, ಯಾರ್ಯಾರು ಏನೇನು ಕೊಡ್ತಾರ ಅಂತ ಹೆಸರು ಹಚ್ಚಿ ಬರದ್ರು, ಮೋಟರ್ ಕೊಡೂ ಕಾಕಾನ ಸಹಿ ಮೊದಲ ಹಾಕಿಸಿದ್ರು. ಉಗಾದಿ ಒಳಗ ನೀರು ಬರಬೇಕಂತ ಬರದಾರ. ಬಂದ್ರೂ ವಿಡಿಯೋ ಹಾಕ್ತೀನಿ, ಬರದಿದ್ರೂ ಹಾಕ್ತೀನಿ, ಕಾಕಾಗ ಹೇಳೇ ಬಂದೀನಿ.