ಒಂಟೆಯ ನೀರಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಒಂಟೆ ತನ್ನ ಡುಬ್ಬದಲ್ಲಿ ನೀರು ತುಂಬಿಟ್ಟುಕೊಳ್ಳುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವವರು ಈಗಲೂ ಇದ್ದಾರೆ. ಡುಬ್ಬದಲ್ಲಿರುವುದು ಕೊಬ್ಬು. ಮೇವು ಸಿಗದ ದಿನಗಳಲ್ಲಿ ಅದು ಕರಗಿ ಒಂಟೆಯನ್ನು ಸಾಕುತ್ತದೆ. ಆಗ ಡುಬ್ಬ ಜೋತುಬೀಳುತ್ತದೆ. ನೀರಿನ ವಿಷಯದಲ್ಲಿ ಒಂಟೆಯ ಜಾಣತನವೆಲ್ಲ ಖರ್ಚು ತಗ್ಗಿಸುವುದರಲ್ಲಿದೆ.

ಮೈಶಾಖ ಒಂದು ಡಿಗ್ರಿ ಏರುವುದರೊಳಗೆ ನಮಗೆ ಬೆವರು ಕಿತ್ತುಬರುತ್ತದೆ. ದಿನವೂ ನೀರು ಕುಡಿಯುವ ಒಂಟೆಯ ಮೈಶಾಖವೂ ಸುಮಾರು 2 ಡಿಗ್ರಿಯಷ್ಟೇ ಏರಿಳಿಯುತ್ತದೆ. ಬೇಸಿಗೆಯಲ್ಲಿ ನೀರು ತಪ್ಪಿತೆನ್ನಿ, ಅದೇ ಒಂಟೆಯ ಮೈ ನಸುಕಿನಲ್ಲಿ 34 ಡಿಗ್ರಿಗೆ ಇಳಿದು, ಮಧ್ಯಾಹ್ನ 40 ದಾಟುತ್ತದೆ. ಇದು ಜ್ವರವಲ್ಲ. ಹಗಲಿನ ಬಿಸಿಯನ್ನು ಮೈಯಲ್ಲೇ ಹಿಡಿದಿಟ್ಟು, ರಾತ್ರಿಯ ತಂಪುಗಾಳಿಗೆ ಬಿಟ್ಟುಕೊಡುವ ಉಪಾಯ. 500 ಕಿಲೋ ತೂಕದ ಒಂಟೆಯ ಮೈ 6 ಡಿಗ್ರಿ ಕಾಯಲು ಸುಮಾರು 2,500 ಕಿಲೋಕ್ಯಾಲೊರಿ ಶಾಖ ಬೇಕು. ಅಷ್ಟನ್ನು ಬೆವರಿನಿಂದ ಕಳೆಯಹೋದರೆ 4ರಿಂದ 5 ಲೀಟರ್ ನೀರು ಆರಿಹೋಗುತ್ತಿತ್ತು.

ಮೈಮೇಲಿನ ಉಣ್ಣೆಯೂ ನೀರುಳಿಸುತ್ತದೆ. 1950ರ ದಶಕದಲ್ಲಿ ಪ್ರಾಣಿಗಳ ದೇಹಕ್ರಿಯೆ ಅಭ್ಯಸಿಸಿದ ವಿಜ್ಞಾನಿ ಕ್ನುಟ್ ಶ್ಮಿಟ್-ನೀಲ್ಸನ್ ಅವರ ತಂಡ ಸಹಾರಾದಲ್ಲಿ ಒಂಟೆಯೊಂದರ ಉಣ್ಣೆ ಕತ್ತರಿಸಿ ನೋಡಿತು. ಬೋಳು ಮೈಯ ಒಂಟೆ ಉಳಿದವಕ್ಕಿಂತ ಅರ್ಧಪಾಲು ಹೆಚ್ಚು ನೀರು ಕಳೆದುಕೊಂಡಿತು. ಉಣ್ಣೆಯ ಮೇಲ್ಪದರ ಬಿಸಿಲಿಗೆ 70 ಡಿಗ್ರಿ ಕಾದರೂ ಅದರಡಿಯ ಚರ್ಮ 40ರ ಆಸುಪಾಸಿನಲ್ಲೇ ಇರುತ್ತದೆ.

ಬಾಯಾರಿದ ಒಂಟೆ ಮಲಗುವ ರೀತಿಯನ್ನೂ ಗಮನಿಸಬೇಕು. ಬೆಳಿಗ್ಗೆ ನೆಲ ಇನ್ನೂ ತಣ್ಣಗಿರುವಾಗಲೇ ಕಾಲು ಮಡಿಸಿ ಕೂತುಬಿಡುತ್ತದೆ. ಸೂರ್ಯನತ್ತ ಮುಖ ಮಾಡುವುದರಿಂದ ಪಕ್ಕೆಗಳಿಗೆ ನೇರ ಬಿಸಿಲು ತಗಲುವುದು ಕಡಿಮೆ. ಎದೆಯಡಿಯ ಗಟ್ಟಿ ಮೆತ್ತೆ ಮೈಯನ್ನು ತುಸು ಎತ್ತಿ ಹಿಡಿಯುತ್ತದೆ, ಹೊಟ್ಟೆಯ ಕೆಳಗೆ ಗಾಳಿಯಾಡುತ್ತದೆ. ಮೂತ್ರ ಕಡಿಮೆ, ಗಟ್ಟಿ. ಹಿಕ್ಕೆಯಂತೂ ಬಿದ್ದ ಕೂಡಲೇ ಒಲೆಗೆ ಹಾಕಬಹುದಾದಷ್ಟು ಒಣಗಿರುತ್ತದೆ.

ಇಷ್ಟಾದರೂ ನೀರು ಹೋಗಿಯೇ ಹೋಗುತ್ತದೆ. ಸುಡುಬಿಸಿಲಿನಲ್ಲಿ ಮನುಷ್ಯ ತೂಕದ ಎಂಟನೇ ಒಂದು ಪಾಲು ನೀರು ಕಳೆದುಕೊಂಡರೆ ರಕ್ತ ಮಂದವಾಗುತ್ತದೆ, ಒಳಗಿನ ಬಿಸಿಯನ್ನು ಚರ್ಮಕ್ಕೆ ಸಾಗಿಸಲಾರದೆ ಪ್ರಾಣಕ್ಕೇ ಸಂಚಕಾರ. ಒಂಟೆ ಕಾಲುಭಾಗ ಕಳೆದುಕೊಂಡೂ ನಡೆಯುತ್ತದೆ. ನಷ್ಟದ ಬಹುಪಾಲು ರಕ್ತದಿಂದಲ್ಲ, ಅಂಗಾಂಶಗಳಿಂದ ಮತ್ತು ಹೊಟ್ಟೆಯಿಂದ.

ಆಮೇಲೆ ನೀರು ಕಂಡಾಗ ಹತ್ತೇ ನಿಮಿಷದಲ್ಲಿ 100 ಲೀಟರಿನಷ್ಟು ಕುಡಿಯಬಲ್ಲದು. ಹಸು ಸಾಕಿದವರಿಗೆ ಗೊತ್ತು, ಬಾಯಾರಿದ ಕರುವಿಗೆ ಒಮ್ಮೆಲೇ ಹೊಟ್ಟೆತುಂಬ ನೀರು ಬಿಟ್ಟರೆ ರಕ್ತಕಣಗಳು ಉಬ್ಬಿ ಒಡೆದು ಮೂತ್ರ ಕೆಂಪಾಗುವುದುಂಟು. ಒಂಟೆಯ ಕೆಂಪು ರಕ್ತಕಣ ಗುಂಡಗಿಲ್ಲ, ಅಂಡಾಕಾರದ್ದು. ಮೂಲ ಗಾತ್ರದ ಎರಡು ಪಟ್ಟಿಗೂ ಮೀರಿ ಉಬ್ಬಿದರೂ ಅದು ಒಡೆಯುವುದಿಲ್ಲ.