ಕೂಸನ್ನು ಕೇಳಿದಿರಿ, ಹೆತ್ತವಳನ್ನು ಕೇಳಿದಿರಾ?

ಎಲ್ಲರಿಗೂ ನಮಸ್ಕಾರ. ರೊಟ್ಟಿ ಬಡಿಯುತ್ತಾ ರೇಡಿಯೋ ಹಚ್ಚಿಕೊಂಡಿರುವ ಅವ್ವಂದಿರಿಗೆ, ಹೊಲದ ದಾರಿಯಲ್ಲಿ ಮೊಬೈಲಿನಲ್ಲಿ ಕೇಳುತ್ತಿರುವ ಅಣ್ಣಂದಿರಿಗೆ, ಮುಖ್ಯವಾಗಿ ಮನೆಯಲ್ಲಿ ಬಾಣಂತಿ ಇರುವ ಅತ್ತೆಯಂದಿರಿಗೆ. ಇವತ್ತು ನನ್ನ ಮಾತು ಜಾಸ್ತಿ ನಿಮ್ಮ ಜೊತೆಗೇ.

ನಾನು 27 ವರ್ಷ ಹೆರಿಗೆ ಕೋಣೆಯಲ್ಲಿ ನರ್ಸ್ ಆಗಿ ದುಡಿದವಳು. ರಾಯಚೂರು, ಕೊಪ್ಪಳ ಎರಡೂ ಜಿಲ್ಲೆಯ ನೀರು ಕುಡಿದಿದ್ದೇನೆ. ಕಷ್ಟದ ಹೆರಿಗೆ ಬಗ್ಗೆ ಮಾತಾಡಿ ಎಂದು ರೇಡಿಯೋದವರು ಕರೆದಾಗ ನಾನು ಬಿಪಿ, ರಕ್ತಹೀನತೆ, ಕಬ್ಬಿಣದ ಮಾತ್ರೆ ಇವನ್ನೇ ಹೇಳುತ್ತೇನೆ ಅಂದುಕೊಂಡಿದ್ದರು. ಅವೆಲ್ಲ ಬೇಕು. ಆದರೆ ಅದನ್ನು ಆಶಾ ಕಾರ್ಯಕರ್ತೆಯರು ನಿಮ್ಮ ಬಾಗಿಲಿಗೇ ಬಂದು ಹೇಳುತ್ತಾರೆ. ನನಗೆ ಹೇಳಬೇಕಾಗಿರುವುದು ಒಂದೇ ಮಾತು. ಕೂಸು ಹುಟ್ಟಿದ ಮನೆಗೆ ಹೋದಾಗ, ಕೂಸನ್ನು ಎತ್ತಿಕೊಳ್ಳುವ ಮುಂಚೆ ಹೆತ್ತವಳ ಹೊರಸಿನ ಹತ್ತಿರ ಕೂತು ಕೇಳಿ, 'ನಿನಗ ಹೆಂಗಾತವ್ವ?' ಅಂತ. ಕೇಳಿದ ಮೇಲೆ ಸುಮ್ಮನಿರಿ. ಅವಳು ಪೂರ್ತಿ ಹೇಳಿ ಮುಗಿಸಲಿ.

ಹೆರಿಗೆ ಅಂದರೆ ಹೆಣ್ಣಿಗೆ ಮರುಹುಟ್ಟು ಅಂತ ನಾವೇ ಹೇಳುತ್ತೇವೆ ಅಲ್ವಾ? ಅಂದರೆ ಸಾವಿನ ಹೊಸ್ತಿಲ ತನಕ ಹೋಗಿ ಬಂದಳು ಎಂದಾಯಿತು. ಹಾಗೆ ಬಂದವಳ ಹತ್ತಿರ ನಾವು ಕೇಳುವುದೇನು? ಗಂಡೋ ಹೆಣ್ಣೋ. ತೂಕ ಎಷ್ಟು. ಹಾಲು ಇಳಿಯಿತಾ. ನಾರ್ಮಲ್ಲೋ, ಸಿಜೇರಿಯನ್ನೋ. ಮೂಗು ಯಾರ ಹಾಗೆ. ಇದರಲ್ಲಿ ಅವಳ ಬಗ್ಗೆ ಒಂದಾದರೂ ಇದೆಯಾ ನೋಡಿ.

ಒಂದು ಸಂಗತಿ ಹೇಳುತ್ತೇನೆ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರ ತಪಾಸಣೆ ಇರುತ್ತದೆ, 2016ರಿಂದ ನಡೆದು ಬಂದಿದೆ, ನಿಮಗೆ ಗೊತ್ತು. ಅಂಥ ಒಂದು ದಿನ ಕಾಲುವೆ ಕಡೆಯ ಹಳ್ಳಿಯ ಒಬ್ಬ ಹುಡುಗಿ ಬಂದಿದ್ದಳು. ಎರಡನೇ ಬಸಿರು, ಏಳು ತಿಂಗಳು. ಬಂದಿದ್ದಳು ಅಂದರೆ ಗೇಟಿನ ತನಕ ಅಷ್ಟೇ. ಅತ್ತೆ ಒಳಗೆ ಚೀಟಿ ಮಾಡಿಸಿಕೊಂಡು ಬಂದು ನೋಡಿದರೆ ಇವಳು ಬೇವಿನ ಗಿಡದ ಕೆಳಗೆ ನಿಂತವಳು ಅಲುಗುತ್ತಿಲ್ಲ. ಹಿಂದಿನ ತಿಂಗಳೂ ಹೀಗೇ ಗೇಟಿನಿಂದ ತಿರುಗಿ ಹೋಗಿದ್ದಳಂತೆ. ಅತ್ತೆಗೆ ಸಿಟ್ಟು. 'ಮದ್ಲನೇದೂ ದವಾಖಾನ್ಯಾಗೇ ಆಗೇದ್ರಿ ನರ್ಸಮ್ಮ, ಕೂಸು ಗುಂಡುಕಲ್ಲಿನಂಗ ಅದ, ಈಗ್ಯಾಕ ಹಿಂಗ ಮಾಡ್ತಾಳೋ' ಎಂದರು.

ನಾನೂ ಮೊದಲು ಗದರಿಸಿದೆ. ಅದನ್ನು ಮುಚ್ಚಿಡುವುದಿಲ್ಲ. ಒಳಗೆ ಐವತ್ತು ಮಂದಿ ಕಾಯುತ್ತಿದ್ದರು. 'ನಡಿ, ನಡಿ' ಎಂದು ಕೈ ಹಿಡಿದೆ. ಆ ಕೈ ಥಣ್ಣಗೆ, ಬೆವರಿ ನೆಂದಿತ್ತು. ಹಟ ಹಿಡಿದವರ ಕೈ ಹಾಗಿರುವುದಿಲ್ಲ. ಅಲ್ಲೇ ಗಿಡದ ಕಟ್ಟೆ ಮೇಲೆ ಕೂರಿಸಿದೆ, ನಾನೂ ಕೂತೆ. 'ಮದ್ಲನೇ ಸಲ ನಿನಗ ಏನಾತವ್ವ?' ಅಂದೆ.

ಮುಕ್ಕಾಲು ಗಂಟೆ ಮಾತಾಡಿದಳು. ಮೂರು ವರ್ಷದಲ್ಲಿ ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಒಂದು ಹಗಲು ಒಂದು ರಾತ್ರಿ ಬ್ಯಾನಿ ತಿಂದಳು. ತಲೆ ಕೆಳಗೆ ಇಳಿಯುತ್ತಿಲ್ಲ ಎಂದು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ 108ರಲ್ಲಿ ಕಳಿಸಿದರು. ನಮ್ಮ ಕಡೆ ಇದು ಎಷ್ಟು ದೂರದ ದಾರಿ ಅಂತ ಮಾನ್ವಿ, ದೇವದುರ್ಗ, ಕುಷ್ಟಗಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ಅವಳ ತಾಯಿಯನ್ನು ಬಾಗಿಲಲ್ಲೇ ನಿಲ್ಲಿಸಿದರು. ಒಳಗೆ ಮೂರು ನಾಲ್ಕು ಮಂದಿ ಸುತ್ತ ನಿಂತು 'ಮುಕ್ಕು, ಮುಕ್ಕು' ಎಂದು ಕೂಗುತ್ತಿದ್ದಾರೆ, ಇವಳಿಗೆ ಶಕ್ತಿಯಿಲ್ಲ. ಒಬ್ಬರು ತೊಡೆಯ ಮೇಲೆ ಹೊಡೆದರು. ಒಂದು ಮಾತನ್ನೂ ಅಂದರು, ಅದನ್ನು ನಾನು ರೇಡಿಯೋದಲ್ಲಿ ಹೇಳಲಾರೆ, ಹೆರಿಗೆ ಕೋಣೆ ಕಂಡ ಹೆಂಗಸರಿಗೆ ಅದು ಯಾವ ಮಾತು ಅಂತ ಗೊತ್ತಾಗಿರುತ್ತದೆ. ಕಡೆಗೂ ಕೂಸು ಬಂತು, ಅಳಲಿಲ್ಲ, ಯಾರೋ ಎತ್ತಿಕೊಂಡು ಓಡಿದರು. ಮಾಸು ಬೀಳಲಿಲ್ಲ. ರಕ್ತ ಹರಿಯತೊಡಗಿತು. ಆಗ ಒಂದು ಮಾತೂ ಹೇಳದೆ ಒಬ್ಬರು ಒಳಗೆ ಕೈ ಹಾಕಿದರು. 'ನನ್ನ ಕಳ್ಳು ಕಿತ್ತಂಗ ಆತ್ರಿ. ನಾ ಸತ್ತೆ ಅಂತ ತಿಳ್ಕೊಂಡೆ' ಅಂದಳು.

ಎಚ್ಚರಾದಾಗ ಹತ್ತಿರ ಯಾರೂ ಇಲ್ಲ. ಕೂಸು ಎಲ್ಲಿ ಅಂತ ಆಯಾಳನ್ನು ಕೇಳಿದಳು, ಆಯಾ 'ನೋಡಿ ಬರ್ತೀನಿ' ಎಂದು ಹೋದವಳು ಬರಲಿಲ್ಲ. ಕೂಸು ಸತ್ತಿದೆ, ಅದಕ್ಕೇ ಯಾರೂ ಹತ್ತಿರ ಬರುತ್ತಿಲ್ಲ ಎಂದುಕೊಂಡು ಬೆಳಗಿನ ತನಕ ಅತ್ತಳು. 'ಬೆಳಿಗ್ಗಿ ತಂದು ಕೊಟ್ರು. ಊರ ಮಂದಿಗೆಲ್ಲ ಸಕ್ರಿ ಹಂಚಿದ್ರು. ಅದರಾಗ ನಾ ಏನಂತ ಹೇಳ್ಲಿ?'

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಆ ಕೈ ಅವಳ ಜೀವ ಉಳಿಸಿತು. ಕೂಸು ಹುಟ್ಟಿದ ಮೇಲೆ ಗರ್ಭಕೋಶ ಮುಷ್ಟಿಯ ಹಾಗೆ ಬಿಗಿಯಬೇಕು, ಆಗಲೇ ರಕ್ತ ನಿಲ್ಲುವುದು. ಮಾಸು ಒಳಗೇ ಉಳಿದರೆ ಬಿಗಿಯುವುದಿಲ್ಲ. ಅರ್ಧ ಲೀಟರ್ ದಾಟಿತು ಅಂದರೆ ಅದು ಅಪಾಯದ ರಕ್ತಸ್ರಾವ, ಆಮೇಲೆ ನಿಮಿಷಗಳ ಲೆಕ್ಕ. ಮಾಸು ತೆಗೆದದ್ದು ಸರಿ. ಹೇಳದೆ ತೆಗೆದದ್ದು, ಹೊಡೆದದ್ದು, ಬೈದದ್ದು ತಪ್ಪು. ಎರಡೂ ನಿಜ. ಜೀವ ಉಳಿಸಿದ ಆ ಕೈಯೇ ಮೂರು ವರ್ಷ ಅವಳ ಕನಸಿನಲ್ಲಿ ಬರುತ್ತಿತ್ತು.

ಮನೆಯಲ್ಲಿ ಸ್ಟೀಲ್ ತಟ್ಟೆ ಕೈಜಾರಿ ಬಿದ್ದರೆ ಎದೆ ಡವಡವ. ಫಿನಾಯಿಲ್ ವಾಸನೆ ಬಂದರೆ ವಾಂತಿ. ಓಣಿಯಲ್ಲಿ ತೊಟ್ಟಿಲ ಕಾರ್ಯಕ್ಕೆ ಕರೆದರೆ ತಲೆನೋವು ಅಂತ ಮಲಗುವುದು. ಗಂಡ ಹತ್ತಿರ ಬಂದರೆ ಜಗಳ. ಮನೆಯವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದ್ದರು, ಅದು ಕೊರಳಲ್ಲಿತ್ತು. ತಾಯತ ಕಟ್ಟಿಸಿದ್ದಕ್ಕೆ ನನಗೆ ಸಿಟ್ಟಿಲ್ಲ, ಅವರಿಗೂ ಏನೋ ಮಾಡಬೇಕೆಂಬ ಸಂಕಟ ಇತ್ತು. ಆದರೆ ಮೂರು ವರ್ಷದಲ್ಲಿ ಒಬ್ಬರಾದರೂ ಬಾಯಿ ಬಿಟ್ಟು ಕೇಳಬಾರದಿತ್ತಾ?

ಅತ್ತೆ ಪಕ್ಕದಲ್ಲೇ ಕೂತು ಎಲ್ಲ ಕೇಳಿದರು. 'ಇಷ್ಟೆಲ್ಲ ಆಗೇದ, ನನಗ್ಯಾಕ ಹೇಳಲಿಲ್ಲ?' ಅಂದರು. ಹುಡುಗಿ ತಲೆ ತಗ್ಗಿಸಿಕೊಂಡೇ ಹೇಳಿದಳು, 'ನೀವು ಕೇಳಲಿಲ್ರಿ ಅತ್ತಿ.'

ಅವತ್ತು ಅವಳು ಒಳಗೆ ಬಂದಳು, ಅತ್ತೆಯ ಸೆರಗು ಹಿಡಿದುಕೊಂಡು. ಖಾಲಿ ಇದ್ದ ಹೆರಿಗೆ ಕೋಣೆ ತೋರಿಸಿದೆ. ಇದು ಟೇಬಲ್ಲು, ಈ ಟ್ರೇಯಲ್ಲಿ ಇರುವುದು ಇಂಥದ್ದು, ಈ ಇಂಜೆಕ್ಷನ್ ಕೂಸು ಹುಟ್ಟಿದ ಕೂಡಲೇ ಕೊಡುತ್ತೇವೆ, ರಕ್ತ ನಿಲ್ಲಲಿ ಅಂತ. ಅವಳು ಟ್ರೇಯನ್ನು ಮುಟ್ಟಿ ನೋಡಿದಳು.

ಈ ಕತೆಗೇ ಹೊತ್ತು ಜಾಸ್ತಿ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಹೆರಿಗೆಯಾದ ಮೊದಲ ಹತ್ತು ಹದಿನೈದು ದಿನ ಸುಮ್ನೆ ಅಳು ಬರುವುದು, ಮನಸ್ಸು ಏರಿಳಿಯುವುದು ಬಹಳ ಮಂದಿಗೆ ಇರುತ್ತದೆ, ತಾನೇ ಇಳಿಯುತ್ತದೆ. ಆದರೆ ತಿಂಗಳು ದಾಟಿದ ಮೇಲೂ ಅದೇ ಹೆರಿಗೆ ಕಣ್ಣ ಮುಂದೆ ಬರುತ್ತಿದ್ದರೆ, ಕೂಸು ಮಲಗಿದರೂ ತಾಯಿಗೆ ನಿದ್ದೆ ಇಲ್ಲದಿದ್ದರೆ, ಸಣ್ಣ ಸದ್ದಿಗೆ ಬೆಚ್ಚಿಬಿದ್ದರೆ, ಆಸ್ಪತ್ರೆಯ ಹೆಸರೆತ್ತಿದರೆ ನಡುಗಿದರೆ ಅದು ಆಘಾತದ ಕಾಯಿಲೆ ಇರಬಹುದು. ಬೇರೆ ಬೇರೆ ದೇಶಗಳಲ್ಲಿ ನೋಡಿದ ಲೆಕ್ಕದಲ್ಲಿ 100 ಬಾಣಂತಿಯರಲ್ಲಿ 3-4 ಮಂದಿಗೆ ಇದು ಬರುತ್ತದೆ, ಕಷ್ಟದ ಹೆರಿಗೆ ಆದವರಲ್ಲಿ ಇನ್ನೂ ಜಾಸ್ತಿ. ಇದಕ್ಕೆ ಚಿಕಿತ್ಸೆ ಇದೆ, ವಾಸಿಯಾಗುತ್ತದೆ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರಲ್ಲಿ ಶುರುವಾಯಿತು, ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ, 14416. ಬಾಣಂತಿ ಸಾಯುವ ಮಾತಾಡಿದರೆ, ದಿನಗಟ್ಟಲೆ ನಿದ್ದೆಯಿಲ್ಲದೆ ಏನೇನೋ ಮಾತಾಡಿದರೆ, ಕೂಸಿಗೆ ಏನಾದರೂ ಮಾಡಿಬಿಡುತ್ತೇನೆ ಎಂದರೆ ನಾಳೆ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಿಯನ್ನೂ ಕೂಸನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡೇ ಇದೆ, 2009ರಿಂದ.

ಕೂಸು ಉಳಿಯದ ತಾಯಂದಿರಿದ್ದಾರೆ. ಅವರನ್ನಂತೂ ಯಾರೂ ಕೇಳುವುದೇ ಇಲ್ಲ. 'ಮತ್ತೊಂದು ಆಗ್ತದ ಬಿಡು' ಎನ್ನುತ್ತೇವೆ. ದಯವಿಟ್ಟು ಆ ಮಾತು ಆಡಬೇಡಿ. ಆ ಕೂಸಿಗೆ ಏನು ಹೆಸರು ಇಡಬೇಕೆಂದಿದ್ದಿರಿ ಅಂತ ಕೇಳಿ, ಅವಳು ಅಳಲಿ.

ಅಣ್ಣಂದಿರೇ, ನೀವೂ ಕೇಳಬೇಕು. ಅವಳು ತವರಲ್ಲಿದ್ದರೆ ಫೋನಿನಲ್ಲಿ 'ಕೂಸು ಏನ್ ಮಾಡ್ತದ' ಅನ್ನುವ ಮುಂಚೆ ಅವಳನ್ನು ಕೇಳಿ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ನಮ್ಮ ಭಾಗದ ಬಸುರಿಯರಿಗೆ ಆ ಸುದ್ದಿ ಎದೆಯಲ್ಲಿ ಕೂತಿದೆ. 'ಏನೂ ಆಗಲ್ಲ ನಡಿ' ಎಂದು ಅವರ ಬಾಯಿ ಮುಚ್ಚಿಸಬೇಡಿ. ಯಾವುದಕ್ಕೆ ಹೆದರಿಕೆ ಅಂತ ಮೊದಲು ಕೇಳಿ, ಆಮೇಲೆ ಜೊತೆಗೆ ನಿಂತು ಆಸ್ಪತ್ರೆಗೇ ಕರೆದುಕೊಂಡು ಬನ್ನಿ. ರಕ್ತಸ್ರಾವ ಮನೆಯಲ್ಲಿ ನಿಲ್ಲುವುದಿಲ್ಲ.

ನನ್ನ ನರ್ಸ್ ತಂಗಿಯರಿಗೂ ಒಂದು ಮಾತು. ಕೆಲಸದ ಒತ್ತಡ ನನಗೆ ಗೊತ್ತು, ಒಂದೇ ರಾತ್ರಿ ಒಬ್ಬಳೇ ಎಂಟು ಹೆರಿಗೆ ಮಾಡಿಸಿದ್ದೇನೆ. ಆದರೂ ಮುಟ್ಟುವ ಮುಂಚೆ ಹೇಳಿ. 'ಈಗ ಹಿಂಗ ಮಾಡ್ತೀನವ್ವ, ನೋಯ್ತದ, ನಿನ್ನ ಜೀವದ ಸಲುವಾಗಿ' ಅನ್ನಲಿಕ್ಕೆ ಐದು ಸೆಕೆಂಡ್ ಸಾಕು. ಜೊತೆಗೆ ಒಬ್ಬ ಹೆಂಗಸನ್ನು ಒಳಗೆ ಬಿಡಿ, 2016ರಿಂದ ಸರ್ಕಾರವೇ ಅದಕ್ಕೆ ಅವಕಾಶ ಕೊಟ್ಟಿದೆ.

ಆ ಹುಡುಗಿಯ ಎರಡನೇ ಹೆರಿಗೆಗೆ ಅತ್ತೆ ಒಳಗೆ ಬಂದಿದ್ದರು, ತಲೆಯ ಹತ್ತಿರ ನಿಂತು ಕೈ ಹಿಡಿದಿದ್ದರು. ಕೂಸು ಹುಟ್ಟಿ ಅತ್ತಿತು. ಅವಳು ಕೂಸಿನ ಕಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಮಾಸು ಬಿದ್ದ ಕೂಡಲೇ ತಟ್ಟೆಯಲ್ಲಿ ಇಟ್ಟು ಅವಳಿಗೆ ತೋರಿಸಿದೆ. 'ನೋಡವ್ವ, ಪೂರ್ತಿ ಬಂತು' ಎಂದೆ. ಆಮೇಲೆ ಕೂಸಿಗೆ ಕೈ ಚಾಚಿದಳು.

ನಮಸ್ಕಾರ.